ರೇಡಿಯೇಟರ್ ದೊಡ್ಡದಾಯಿತು, ಕಾರು ಇನ್ನೂ ಬಿಸಿಯಾಯಿತು

ಟ್ರ್ಯಾಕ್‌ಗೆ ಹೋಗುವ ಕಾರು ಬಿಸಿಯಾಗುತ್ತಿದೆ ಅಂತ ಯಾರಾದರೂ ವರ್ಕ್‌ಶಾಪ್‌ಗೆ ಬಂದರೆ ಮೊದಲು ಬರುವ ಮಾತು ಒಂದೇ. "ದೊಡ್ಡ ರೇಡಿಯೇಟರ್ ಹಾಕಿಬಿಡೋಣ." ಕಸ್ಟಮರ್ ಹಾಗೆ ಹೇಳುತ್ತಾರೆ, ಮ್ಯಾನೇಜರ್ ತಕ್ಷಣ ಒಪ್ಪುತ್ತಾರೆ, ನಾವು ಕಾರನ್ನು ಲಿಫ್ಟ್‌ಗೆ ಏರಿಸುತ್ತೇವೆ. ಹೀಗೆ ರೇಡಿಯೇಟರ್ ಬದಲಿಸಿದ ಕಾರೊಂದು ಚೆನ್ನೈ ಹತ್ತಿರದ ಟ್ರ್ಯಾಕ್‌ನಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗುವ ಅಂಚಿಗೆ ಬಂದಿತ್ತು. ಆ ಕೆಲಸ ಮಾಡಿದ್ದು ನಮ್ಮ ಬೇಯಲ್ಲಿ, ಅಂದರೆ ವರ್ಕ್‌ಶಾಪ್‌ನಲ್ಲಿ ನಾವು ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗದಲ್ಲಿ. ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಾರು 2 ಲೀಟರ್ ಟರ್ಬೊ, ಎರಡು ಬಾಗಿಲು. ಮುಂದೆ ದೊಡ್ಡ ಇಂಟರ್‌ಕೂಲರ್ (ಟರ್ಬೊದಿಂದ ಎಂಜಿನ್‌ಗೆ ಹೋಗುವ ಗಾಳಿಯನ್ನು ತಂಪುಮಾಡುವುದು) ಮೊದಲೇ ಹಾಕಿಸಿದ್ದರು. ಅದರ ಹಿಂದೆ ಎಸಿ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಕಸ್ಟಮರ್ ಹೊರದೇಶದಿಂದ ಅಲ್ಯುಮಿನಿಯಂ ರೇಡಿಯೇಟರ್ ತರಿಸಿದರು. ಕೋರ್, ಅಂದರೆ ಗಾಳಿ ಹಾದುಹೋಗುವ ಜಾಲರಿಯಂಥ ಭಾಗ, ಹಳೆಯದರ ಎರಡರಷ್ಟು ದಪ್ಪ, ನೋಡಲು ತುಂಬಾ ಚೆಂದ. ಆದರೆ ಆ ದಪ್ಪಕ್ಕೆ ಕಂಪನಿಯ ಫ್ಯಾನ್ ಶ್ರೌಡ್ (ಫ್ಯಾನ್ ಸುತ್ತಲಿನ ಕವಚ) ಕೂರಲಿಲ್ಲ. ಶ್ರೌಡ್ ತೆಗೆದು ಫ್ಯಾನ್‌ಗಳನ್ನು ನೇರವಾಗಿ ಕೋರ್‌ಗೇ ಕಟ್ಟಿದೆವು. ಎರಡೂ ಪಕ್ಕದಲ್ಲಿದ್ದ ಪ್ಲಾಸ್ಟಿಕ್ ತಡೆಗಳು ಅಡ್ಡ ಬಂದವು, ಅವೂ ಹೋದವು. ರೇಡಿಯೇಟರ್‌ನ ಕೆಳಗಿನ ಟ್ಯಾಂಕ್‌ಗೆ ಅಂಡರ್‌ಟ್ರೇ (ಎಂಜಿನ್ ಅಡಿಯ ಮುಚ್ಚಳ) ತಾಗುತ್ತಿತ್ತು. "ಟ್ರೇ ಬೇಡ, ಕೆಳಗೆ ಗಾಳಿ ಆಡಲಿ" ಅಂದೆ. ಮೇಸ್ತ್ರಿಯೂ ತಲೆಯಾಡಿಸಿದರು. ಕೆಳಗೆ ತೆರೆದಿದ್ದರೆ ಬಿಸಿಗಾಳಿ ಇಳಿದು ಹೋಗುತ್ತದೆ ಎಂಬುದು ನಮ್ಮ ಬೇಯಲ್ಲಿ ಎಲ್ಲರೂ ನಂಬಿದ್ದ ಲೆಕ್ಕ.

ಎಂಜಿನ್ ತಂಪುಮಾಡುವ ದ್ರವ ಕೂಲಂಟ್ ತುಂಬಿ, ಹೀಟರ್ ಆನ್ ಮಾಡಿ ಬ್ಲೀಡ್ ಮಾಡಿದೆವು, ಅಂದರೆ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆದೆವು. ಗುಳ್ಳೆ ನಿಂತಿತು. ಸಂಜೆ ಹೊತ್ತಿನಲ್ಲಿ ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಲ್ಲಿಸಿ ನೋಡಿದೆವು. ಸ್ಕ್ಯಾನರ್ ಕೂಲಂಟ್ 96 ಡಿಗ್ರಿ ಅಂತ ತೋರಿಸಿತು. ಫ್ಯಾನ್ ಬಂತು, ಇಳಿಯಿತು. ನೈಸ್ ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ 88 ದಾಟಲಿಲ್ಲ. ಜಾಬ್ ಕಾರ್ಡ್‌ನಲ್ಲಿ "ರೋಡ್ ಟೆಸ್ಟ್: ಓಕೆ" ಅಂತ ಟಿಕ್ ಬಿತ್ತು. ನಮ್ಮ ಸಾಫ್ಟ್‌ವೇರ್‌ನಲ್ಲಿ ಇರುವುದು ಆ ಒಂದು ಟಿಕ್ ಬಾಕ್ಸ್ ಮಾತ್ರ. ಟ್ರ್ಯಾಕ್ ಕಾರಿಗೆ ಬೇರೆ ಪರೀಕ್ಷೆ ಬೇಕು ಅಂತ ಎಷ್ಟೋ ಸಲ ಹೇಳಿದ್ದೇವೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ.

ಆ ಟಿಕ್‌ಗೆ ಅರ್ಥವಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆದ್ದಾರಿಯಲ್ಲಿ 80-90ರಲ್ಲಿ ಸಮವಾಗಿ ಹೋಗುವ ಕಾರಿಗೆ 20 ಹಾರ್ಸ್‌ಪವರ್ ಆಸುಪಾಸು ಸಾಕು. ಅದೇ ಎಂಜಿನ್‌ನ ಪೆಡಲ್ ಪೂರ್ತಿ ಒತ್ತಿದರೆ 200 ದಾಟುತ್ತದೆ. ಪೆಟ್ರೋಲ್‌ನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಚಕ್ರಕ್ಕೆ, ಒಂದು ಭಾಗ ಸೈಲೆನ್ಸರ್‌ಗೆ, ಉಳಿದದ್ದು ಹೆಚ್ಚುಕಡಿಮೆ ಕೂಲಂಟ್ ಮತ್ತು ಆಯಿಲ್‌ಗೆ. ಅಂದರೆ ಫುಲ್ ಥ್ರಾಟಲ್‌ನಲ್ಲಿ ರೇಡಿಯೇಟರ್ ಹೊರಹಾಕಬೇಕಾದ ಶಾಖ ನೂರು ಕಿಲೋವ್ಯಾಟ್ ಆಸುಪಾಸು. ಮನೆಯ 2 ಕಿಲೋವ್ಯಾಟ್ ಗೀಸರ್ ಐವತ್ತನ್ನು ಒಟ್ಟಿಗೆ ಹಾಕಿದಷ್ಟು. ಸಿಲ್ಕ್ ಬೋರ್ಡ್‌ನಲ್ಲಿ ನಿಂತ ಕಾರಿನಲ್ಲಿ ಪರೀಕ್ಷೆಯಾಗುವುದು ಫ್ಯಾನ್ ಅಷ್ಟೇ. ವೇಗ ಹೆಚ್ಚಿದ ಮೇಲೆ ಫ್ಯಾನ್‌ಗೆ ಹೆಚ್ಚು ಕೆಲಸವಿಲ್ಲ, ಮುಂದಿನಿಂದ ನುಗ್ಗುವ ಗಾಳಿಯೇ ಎಲ್ಲ ಮಾಡಬೇಕು.

ನಮ್ಮೂರಿನಲ್ಲಿ ಇಂಥ ಕಾರನ್ನು ಪೂರ್ತಿ ಓಡಿಸುವ ಸರ್ಕ್ಯೂಟ್ ಇಲ್ಲ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಹೋಗಬೇಕು, ಇಲ್ಲವೇ ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟೈಗೆ. ನಾವು ಹೋದದ್ದು ಎರಡನೆಯದಕ್ಕೆ, ಏಪ್ರಿಲ್‌ನಲ್ಲಿ. ಸುಮಾರು 3.7 ಕಿಲೋಮೀಟರ್ ಸುತ್ತಳತೆ, 12 ತಿರುವು. ಬೆಳಗ್ಗೆ ಹತ್ತಕ್ಕೇ ಗಾಳಿ 36 ಡಿಗ್ರಿ. ಇದೂ ಲೆಕ್ಕಕ್ಕೆ ಬರಬೇಕಿತ್ತು. ಕೂಲಂಟ್‌ಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ರೇಡಿಯೇಟರ್ ಕೆಲಸ ಮಾಡುತ್ತದೆ. ಕೂಲಂಟ್ 95 ಇದ್ದು ಬೆಂಗಳೂರಿನ ಗಾಳಿ 26 ಇದ್ದರೆ ಅಂತರ 69. ಅಲ್ಲಿ 59. ಏನನ್ನೂ ಮುಟ್ಟದೆ ರೇಡಿಯೇಟರ್‌ನ ತಂಪುಮಾಡುವ ಶಕ್ತಿಯಲ್ಲಿ ಸುಮಾರು ಏಳನೇ ಒಂದು ಭಾಗ ಹೋಯಿತು.

ಕಸ್ಟಮರ್ ಫೋನ್‌ನಲ್ಲಿ, ಎಂಜಿನ್ ಸೆನ್ಸರ್‌ಗಳ ಅಂಕಿ ತೋರಿಸುವ ಓಬಿಡಿ ಆ್ಯಪ್ ಹಾಕಿ ಡ್ಯಾಶ್ ಮೇಲೆ ಕೂರಿಸಿದ್ದೆ. ಡ್ಯಾಶ್‌ನ ಮುಳ್ಳನ್ನು ನಂಬಬೇಡಿ ಅಂತ ಹೇಳಿದ್ದೆ. ಈಗಿನ ಬಹಳಷ್ಟು ಕಾರುಗಳಲ್ಲಿ ಡ್ರೈವರ್ ಗಾಬರಿಯಾಗಬಾರದು ಅಂತ ಮುಳ್ಳನ್ನು ಮಧ್ಯದಲ್ಲೇ ನಿಲ್ಲಿಸಿರುತ್ತಾರೆ. 80 ಇದ್ದರೂ ಮಧ್ಯ, 100 ಇದ್ದರೂ ಮಧ್ಯ. ಅದು ಅಲುಗಾಡುವ ಹೊತ್ತಿಗೆ ತಡವಾಗಿರುತ್ತದೆ. "ಸರ್, 108 ಕಂಡರೆ ಒಳಗೆ ಬಂದುಬಿಡಿ" ಅಂದೆ. ಆದರೆ ನೇರ ದಾರಿಯಲ್ಲಿ 180 ಮುಟ್ಟುತ್ತಿರುವವರು ಫೋನ್ ನೋಡುತ್ತಾರಾ? ಮೂರನೇ ಲ್ಯಾಪ್ ಮುಗಿಸಿ ಪಿಟ್‌ಗೆ ಬಂದಾಗ ಸ್ಕ್ರೀನ್ ಮೇಲೆ 116 ಇತ್ತು.

ಆಮೇಲಿನ ಕೆಲವು ನಿಮಿಷ ಮರೆಯಲಾಗದು. ಕಸ್ಟಮರ್ ಕೈ ಸ್ಟಾರ್ಟ್ ಬಟನ್ ಮೇಲೆ ಹೋಯಿತು. "ಆಫ್ ಮಾಡಬೇಡಿ ಸರ್, ಬೇಡ!" ಅಂತ ಕೂಗಿದೆ. ಅಷ್ಟು ಬಿಸಿಯಲ್ಲಿ ತಟ್ಟನೆ ನಿಲ್ಲಿಸಿದರೆ ಪಂಪ್ ನಿಲ್ಲುತ್ತದೆ. ಹೆಡ್‌ನಲ್ಲಿರುವ ಶಾಖಕ್ಕೆ ಹೋಗಲು ದಾರಿ ಇರುವುದಿಲ್ಲ, ಅಲ್ಲೇ ನಿಂತ ಕೂಲಂಟ್ ಕುದಿಯುತ್ತದೆ. ಟರ್ಬೊ ಬೇರಿಂಗ್‌ನಲ್ಲಿ ಆಯಿಲ್ ಸುಟ್ಟು ಕರಕಾಗುತ್ತದೆ. ಆದರೆ ಎಂಜಿನ್ ಓಡಿಸುತ್ತಲೇ ಇರಬೇಕಾದರೆ ಒಳಗೆ ಕೂಲಂಟ್ ಇದೆ ಅಂತ ಗೊತ್ತಿರಬೇಕು. ಹೋಸ್ ಬಿಚ್ಚಿ ಎಲ್ಲ ಸುರಿದುಹೋಗಿದ್ದರೆ ಓಡಿಸುವುದೇ ಎಂಜಿನ್ ಕೊಲ್ಲುವ ದಾರಿ. ಆಗ ಮೀಟರ್ ಕೂಡ ಮೋಸ ಮಾಡುತ್ತದೆ. ಸೆನ್ಸರ್ ಸುತ್ತ ದ್ರವ ಇಲ್ಲದಿದ್ದರೆ ಡಿಗ್ರಿ ಇಳಿದ ಹಾಗೆ ತೋರಿಸುವುದುಂಟು.

ಹುಡುಗನಿಗೆ "ಕೆಳಗೆ ನೋಡು ತಮ್ಮಾ" ಅಂದೆ. ಅವನು ನೆಲದ ಮೇಲೆ ಮಲಗಿ ಟಾರ್ಚ್ ಬಿಟ್ಟ. "ಒಣಗಿದೆ ಅಣ್ಣ, ಏನೂ ಸೋರ್ತಿಲ್ಲ." ಎಕ್ಸ್‌ಪ್ಯಾನ್ಷನ್ ಟ್ಯಾಂಕ್‌ನಲ್ಲಿ ಮಟ್ಟ ಮೇಲಿನ ಗೆರೆ ದಾಟಿತ್ತು, ಖಾಲಿಯಾಗಿರಲಿಲ್ಲ. ಎಸಿ ಆಫ್, ಹೀಟರ್ ಪೂರ್ತಿ ಬಿಸಿಗೆ, ಬ್ಲೋವರ್ ಜೋರು. ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರ್ ತಾನೇ. ಆ 36 ಡಿಗ್ರಿಯಲ್ಲಿ, ಹೆಲ್ಮೆಟ್ ಹಾಕಿಕೊಂಡೇ, ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿದ್ದರೂ ಕಸ್ಟಮರ್ ಸೀಟು ಬಿಡಲಿಲ್ಲ. 116 ಎಷ್ಟೋ ಹೊತ್ತು ಅಲ್ಲೇ ನಿಂತಿತ್ತು. 115. ಮತ್ತೆ 116. ನನ್ನ ಕಣ್ಣು ಟ್ಯಾಂಕ್ ಮೇಲೆಯೇ ಇತ್ತು.

ಅಷ್ಟರಲ್ಲಿ ಅವರ ಸ್ನೇಹಿತರೊಬ್ಬರು ಒದ್ದೆ ಬಟ್ಟೆ ಹಿಡಿದು ಟ್ಯಾಂಕ್ ಕ್ಯಾಪ್ ತಿರುಗಿಸಲು ಬಂದರು. ಅವರ ಕೈ ಹಿಡಿದು ಎಳೆದೆ. ವಯಸ್ಸಿನಲ್ಲಿ ದೊಡ್ಡವರು, ಸ್ವಲ್ಪ ಬೇಸರವೂ ಆಯಿತು ಅನಿಸುತ್ತದೆ. ಆದರೆ ಇದರಲ್ಲಿ ಮರ್ಯಾದೆ ನೋಡುವ ಹಾಗಿಲ್ಲ. ಮುಚ್ಚಿದ ಸಿಸ್ಟಮ್‌ನಲ್ಲಿ ಒತ್ತಡ ಇರುವುದರಿಂದಲೇ ಆ ದ್ರವ 116ರಲ್ಲೂ ಕುದಿಯದೆ ನಿಂತಿರುತ್ತದೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಬಿದ್ದು ಎಲ್ಲ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಸುಟ್ಟ ಕೈಗಳನ್ನು ನಾನು ಈ ಕೆಲಸದಲ್ಲಿ ನೋಡಿದ್ದೇನೆ.

ನಿಧಾನವಾಗಿ 112, 107, ಆಮೇಲೆ 99. ಆಗ ಎಂಜಿನ್ ನಿಲ್ಲಿಸಿದೆವು.

ಪೂರ್ತಿ ತಣ್ಣಗಾದ ಮೇಲೆ ಬಂಪರ್ ಬಿಚ್ಚಿದೆವು. ಕಸ್ಟಮರ್ ಆಗಲೇ ಕಡಿಮೆ ಡಿಗ್ರಿಯ ಥರ್ಮೋಸ್ಟಾಟ್ ಆರ್ಡರ್ ಮಾಡುತ್ತಿದ್ದರು. ಅದರಿಂದ ಪ್ರಯೋಜನವಿಲ್ಲ ಅಂತ ತಡೆದೆ. ರೇಡಿಯೇಟರ್‌ಗೆ ಕೂಲಂಟ್ ಹೋಗುವ ದಾರಿ ಯಾವಾಗ ತೆರೆಯಬೇಕು ಅಂತ ಮಾತ್ರ ಥರ್ಮೋಸ್ಟಾಟ್ ಹೇಳುತ್ತದೆ. 82ಕ್ಕೆ ತೆರೆದರೂ 88ಕ್ಕೆ ತೆರೆದರೂ 110ರಲ್ಲಿ ಎರಡೂ ಪೂರ್ತಿ ತೆರೆದೇ ಇರುತ್ತವೆ.

ಬಂಪರ್ ಹಿಂದೆ ಕಂಡದ್ದೇ ಉತ್ತರ. ಬೆಂಗಳೂರಿನಿಂದ ಕಾರು ರಾತ್ರಿಯೆಲ್ಲ ಹೆದ್ದಾರಿಯಲ್ಲಿ ಓಡಿ ಬಂದಿತ್ತು. ಇಂಟರ್‌ಕೂಲರ್ ತುಂಬಾ ಹುಳ. ರೇಡಿಯೇಟರ್‌ನ ಎರಡೂ ಪಕ್ಕದ ಸಂದಿಯ ತಗಡಿನ ಮೇಲೆ ದಪ್ಪ ಧೂಳಿನ ಗೆರೆ, ಹುಳದ ರೆಕ್ಕೆ. ಆದರೆ ಇಂಟರ್‌ಕೂಲರ್ ಮುಚ್ಚದ ಕಡೆಯಲ್ಲೂ ರೇಡಿಯೇಟರ್ ಮುಖ ಬಾಕ್ಸ್‌ನಿಂದ ತೆಗೆದ ಹಾಗೇ ಹೊಳೆಯುತ್ತಿತ್ತು. ಗಾಳಿ ಎಲ್ಲಿ ಹೋಗಿದೆ ಅಂತ ಧೂಳೇ ಬರೆದಿಟ್ಟಿತ್ತು. ಇಂಟರ್‌ಕೂಲರ್, ಕಂಡೆನ್ಸರ್, ಅದರ ಹಿಂದೆ ಎರಡರಷ್ಟು ದಪ್ಪದ ಕೋರ್. ಇಷ್ಟನ್ನು ದಾಟುವುದಕ್ಕಿಂತ ಪಕ್ಕದಲ್ಲಿ ನಾವೇ ಬಿಟ್ಟಿದ್ದ ಎರಡು ಬೆರಳಿನ ಸಂದಿ ಗಾಳಿಗೆ ಸುಲಭ.

ಇನ್ನೊಂದು ವಿಷಯ ಅಂಡರ್‌ಟ್ರೇಯದು. ಮುಂದೆ ಒತ್ತಡ ಜಾಸ್ತಿ, ಹಿಂದೆ ಕಡಿಮೆ ಇದ್ದರೆ ಮಾತ್ರ ರೇಡಿಯೇಟರ್ ಮೂಲಕ ಗಾಳಿ ಹರಿಯುತ್ತದೆ. ಟ್ರೇ ತೆಗೆದರೆ ವೇಗದಲ್ಲಿ ಕಾರಿನ ಕೆಳಗಿನಿಂದಲೂ ಗಾಳಿ ಎಂಜಿನ್ ಇರುವ ಜಾಗಕ್ಕೆ ನುಗ್ಗುತ್ತದೆ. ಹಿಂದಿನ ಒತ್ತಡವೂ ಏರುತ್ತದೆ. ಎರಡೂ ಕಡೆ ಸಮವಾದರೆ ಗಾಳಿ ಯಾಕೆ ಹರಿಯಬೇಕು? ವೇಗ ಹೆಚ್ಚಿದಷ್ಟೂ ಕಾರು ಬಿಸಿಯಾಗಿದ್ದು ಇದಕ್ಕೇ. ಆ ಟ್ರೇ ಆಗ ಬೆಂಗಳೂರಿನಲ್ಲಿ, ನಮ್ಮ ರ‍್ಯಾಕ್ ಮೇಲಿತ್ತು.

ಇದ್ದುದರಲ್ಲೇ ಏನಾದರೂ ಮಾಡಬೇಕಿತ್ತು. ಪಿಟ್ ಹಿಂದೆ ಹಳೆಯ ಸನ್‌ಪ್ಯಾಕ್ ಬೋರ್ಡ್ ಬಿದ್ದಿತ್ತು. ಕೇಳಿ ತಂದೆವು. ಕಟರ್‌ನಲ್ಲಿ ಕತ್ತರಿಸಿ ಎರಡೂ ಪಕ್ಕಕ್ಕೆ, ಮೇಲೆ, ಕೆಳಗೆ ಗೋಡೆ ಕಟ್ಟಿ, ಕೇಬಲ್ ಟೈ ಬಿಗಿದು, ಸಣ್ಣ ಸಂದಿಗೆಲ್ಲ ಫಾಯಿಲ್ ಟೇಪ್ ಹಚ್ಚಿದೆವು. ಗ್ರಿಲ್‌ನಿಂದ ಒಳಬಂದ ಗಾಳಿಗೆ ಕೋರ್ ಬಿಟ್ಟರೆ ಬೇರೆ ದಾರಿ ಇರಬಾರದು, ಅಷ್ಟೇ ಗುರಿ. ಮಧ್ಯಾಹ್ನದ ಸೆಷನ್ ಬೆಳಗ್ಗೆಗಿಂತ ಬಿಸಿ. ಅದೇ ಡ್ರೈವರ್, ಅದೇ ಮೂರು ಲ್ಯಾಪ್. 106 ದಾಟಲಿಲ್ಲ. ಹತ್ತು ಡಿಗ್ರಿ ಇಳಿಸಿದ್ದು ಕಸದಲ್ಲಿ ಸಿಕ್ಕ ಪ್ಲಾಸ್ಟಿಕ್ ಬೋರ್ಡ್. ನನಗೆ ಆ ಕ್ಷಣದಲ್ಲಿ ಆದ ಸಂತೋಷ ದೊಡ್ಡದು. ಆದರೂ ಮೂರು ಲ್ಯಾಪ್ ಓಡಿಸಿ, ಒಂದು ಲ್ಯಾಪ್ ನಿಧಾನವಾಗಿ ಮೇಲಿನ ಗೇರ್‌ನಲ್ಲಿ ಬರಬೇಕು ಅಂತ ಅವತ್ತಿಗೆ ನಿಯಮ ಮಾಡಿಕೊಂಡೆವು.

ವಾಪಸ್ ಬಂದ ಮೇಲೆ ಅಲ್ಯುಮಿನಿಯಂ ಶೀಟ್‌ನಲ್ಲಿ ಸರಿಯಾದ ಡಕ್ಟ್ (ಗಾಳಿಗೆ ಮುಚ್ಚಿದ ದಾರಿ) ಮಾಡಿದೆವು, ಅಂಚಿಗೆ ರಬ್ಬರ್. ಟ್ರೇಯನ್ನು ಟ್ಯಾಂಕ್ ತಾಗುವಲ್ಲಿ ಮಾತ್ರ ಕತ್ತರಿಸಿ ಮತ್ತೆ ಕೂರಿಸಿದೆವು. ಫ್ಯಾನ್‌ಗೆ ಹೊಸ ಶ್ರೌಡ್. ಶ್ರೌಡ್ ಇಲ್ಲದ ಫ್ಯಾನ್ ತನ್ನ ವೃತ್ತದಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಕೋರ್‌ನ ಮೂಲೆಗಳು ಸುಮ್ನೆ ಕೂತಿರುತ್ತವೆ. ಬಾನೆಟ್ ವೆಂಟ್, ಅಂದರೆ ಬಿಸಿಗಾಳಿ ಹೊರಬಿಡುವ ಕಿಂಡಿ, ಅದರ ಬಗ್ಗೆ ಒಂದು ದಿನ ಪೂರ್ತಿ ಚರ್ಚೆ ಆಯಿತು. ಹಿಂಜ್ ಕೆಳಗೆ ವಾಷರ್ ಇಟ್ಟು ಬಾನೆಟ್‌ನ ಹಿಂಭಾಗ ಎತ್ತುವುದು ನಮ್ಮ ಹುಡುಗರಿಗೆ ಬಲು ಇಷ್ಟ. ನಿಂತ ಕಾರಿನಲ್ಲಿ ಅಲ್ಲಿಂದ ಬಿಸಿಗಾಳಿ ಹೊರಬರುವುದು ಕಾಣುತ್ತದೆ, ನಿಜ. ಆದರೆ ಗಾಜಿನ ಬುಡದಲ್ಲಿ ವೇಗದಲ್ಲಿ ಒತ್ತಡ ಜಾಸ್ತಿ, ಅಲ್ಲಿಂದ ಗಾಳಿ ಒಳಗೇ ಬರುತ್ತದೆ. ವೆಂಟ್ ಬೇಕಾದದ್ದು ಬಾನೆಟ್‌ನ ಮುಂಭಾಗದಲ್ಲಿ, ರೇಡಿಯೇಟರ್‌ನ ಬೆನ್ನ ಹಿಂದೆ. ಕೊನೆಗೆ ಅಲ್ಲೇ ಕತ್ತರಿಸಿದೆವು.

ನೀರಿನ ವಿಷಯವನ್ನೂ ಹೇಳಲೇಬೇಕು. ನಮ್ಮಲ್ಲಿ ರೇಡಿಯೇಟರ್‌ಗೆ ಟ್ಯಾಂಕರ್ ನೀರು, ಬೋರ್‌ವೆಲ್ ನೀರು ಸುರಿಯುವ ಅಭ್ಯಾಸ ಇನ್ನೂ ಹೋಗಿಲ್ಲ. ಆ ಗಡಸು ನೀರಿನ ಉಪ್ಪು ಒಳಗಿನ ಸಣ್ಣ ಟ್ಯೂಬ್‌ಗಳಲ್ಲಿ ಪೊರೆ ಕಟ್ಟುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಹಾಕಿ. ಇನ್ನು ಕೂಲಂಟ್‌ನಲ್ಲಿ ನೀರಿನ ಜೊತೆ ಬೆರೆಸುವ ಗ್ಲೈಕಾಲ್ ಎಂಬ ದ್ರವ ಜಾಸ್ತಿ ಇದ್ದರೆ ಜಾಸ್ತಿ ತಂಪು ಅಂದುಕೊಂಡವರಿದ್ದಾರೆ. ಶಾಖ ಹೊರುವುದರಲ್ಲಿ ನೀರೇ ಮೇಲು. ಗ್ಲೈಕಾಲ್ ಕುದಿಯುವ ಮಟ್ಟ ಏರಿಸುತ್ತದೆ, ಚಳಿ ದೇಶದಲ್ಲಿ ಹೆಪ್ಪುಗಟ್ಟದಂತೆ ತಡೆಯುತ್ತದೆ. ಕೂಲಂಟ್‌ನಲ್ಲಿ ಬೆರೆತ ರಾಸಾಯನಿಕಗಳು ತುಕ್ಕು ತಡೆಯುತ್ತವೆ, ಹಾಗಾಗಿ ಬರೀ ನೀರು ಹಾಕುವುದೂ ತಪ್ಪು. ಟ್ರ್ಯಾಕ್ ಮೇಲೆ ಚೆಲ್ಲಿದ ಗ್ಲೈಕಾಲ್ ತುಂಬಾ ಜಾರುತ್ತದೆ. ಅದಕ್ಕೇ ಕೆಲವು ರೇಸ್‌ಗಳಲ್ಲಿ ಅದನ್ನು ಬಳಸಲು ಬಿಡುವುದೇ ಇಲ್ಲ, ನೀರಿಗೆ ತುಕ್ಕುನಿರೋಧಕ ಮಾತ್ರ ಬೆರೆಸಬೇಕು. ಕ್ಯಾಪ್ ಹಳೆಯದಾಗಿದ್ದರೆ ಬದಲಿಸಿ. ಸ್ಪ್ರಿಂಗ್ ಸೋತ ಕ್ಯಾಪ್ ಒತ್ತಡ ಹಿಡಿಯುವುದಿಲ್ಲ.

ಮ್ಯಾನೇಜರ್ ಹತ್ತಿರ ಒಂದು ಜಗಳ ಇನ್ನೂ ಮುಗಿದಿಲ್ಲ. ರೇಡಿಯೇಟರ್ ಬಿಲ್‌ನಲ್ಲಿ ದೊಡ್ಡ ಸಾಲಾಗಿ ಕಾಣುತ್ತದೆ. ಸಂದಿ ಮುಚ್ಚಿದ ಕೆಲಸ ಎರಡು ದಿನದ ಲೇಬರ್, ಶೀಟು, ರಬ್ಬರ್. "ಇದಕ್ಕೆ ಇಷ್ಟು ಹಣ ಯಾರು ಕೊಡ್ತಾರೆ?" ಅಂತ ಕೇಳುತ್ತಾರೆ. ಈ ಕಸ್ಟಮರ್ ಕೊಟ್ಟರು, ಒಂದು ಮಾತೂ ಆಡದೆ. ಈಗ ನಮ್ಮ ಬೇಯಲ್ಲಿ ಟ್ರ್ಯಾಕ್ ಕಾರು ಬಂದರೆ ಮೊದಲು ಬಂಪರ್ ಬಿಚ್ಚಿ, ಧೂಳಿನ ಗೆರೆ ನೋಡಿ, ಫೋಟೋ ತೆಗೆದು ಜಾಬ್ ಕಾರ್ಡ್‌ಗೆ ಅಂಟಿಸುತ್ತೇವೆ. ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಜಾಗ ಇಲ್ಲ, ಪೇಪರ್ ಮೇಲೆಯೇ.

ಆ ಕಾರು ಮತ್ತೆ ಅದೇ ಟ್ರ್ಯಾಕ್‌ಗೆ ಹೋಗಿ ಬಂತು. ಕೂಲಂಟ್ 101ರಲ್ಲಿ ನಿಂತಿತು. ಈಗ ಆಯಿಲ್ 134 ತೋರಿಸುತ್ತಿದೆ. ಆ ಬಿಸಿಯಲ್ಲಿ ಆಯಿಲ್ ತೆಳುವಾಗುತ್ತದೆ, ಬೇರಿಂಗ್ ಉಳಿಯುವುದು ಕಷ್ಟ. ಥರ್ಮೋಸ್ಟಾಟ್ ಇರುವ ಆಯಿಲ್ ಕೂಲರ್ ಹಾಕಬೇಕು, ಇಲ್ಲದಿದ್ದರೆ ಬೆಂಗಳೂರಿನ ಬೆಳಗಿನಲ್ಲಿ ಆಯಿಲ್ ಬಿಸಿಯೇ ಆಗುವುದಿಲ್ಲ. ಅದನ್ನು ರೇಡಿಯೇಟರ್ ಮುಂದೆ ಇಡಲು ಮಾತ್ರ ನಾನು ಬಿಡುವುದಿಲ್ಲ. ಫೆಂಡರ್ ಒಳಗೆ ಜಾಗ ಅಳೆದಿದ್ದೇವೆ, ಅದಕ್ಕೂ ಒಳಬರುವ ದಾರಿ, ಹೊರಹೋಗುವ ದಾರಿ ಎರಡನ್ನೂ ಮೊದಲೇ ಶೀಟ್ ಮೇಲೆ ಗುರುತು ಹಾಕಿಟ್ಟಿದ್ದೇನೆ.