ನೂರು ವರ್ಷ ಯಾರದ್ದು?

ಮೇ ತಿಂಗಳ ಭಾನುವಾರ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಅಂಕೋಲೆ. ಹೋಗಿದ್ದು ಮದುವೆಗೆ. ಊಟ ಮುಗಿಸಿ ಕಾರು ಹತ್ತುವಾಗ ಅಪ್ಪ, "ಕಾಲೇಜಿನ ಹತ್ರ ಸ್ವಲ್ಪ ನಿಲ್ಲಿಸ್ತೀಯಾ?" ಅಂದರು. ತಮಗೆ ಅಂತ ಏನನ್ನೂ ಕೇಳುವವರಲ್ಲ ಅವರು.

ಗೇಟಿನಲ್ಲಿ ಕಾವಲುಗಾರ ತಡೆದ. "ಇಲ್ಲೇ ಕಲಿತವ ನಾನು" ಅಂದರು ಅಪ್ಪ. ಅಷ್ಟೇ ಸಾಕಾಯಿತು.

ಮಗಳು ಬೋರ್ಡು ಓದಿದಳು: ಗೋಖಲೆ ಸೆಂಟಿನರಿ ಕಾಲೇಜು. "ಅಜ್ಜ, ಇದಕ್ಕೆ ನೂರು ವರ್ಷ ಆಯ್ತಾ?"

"ಕಾಲೇಜು ಶುರುವಾಗಿದ್ದು 1966ರಲ್ಲಿ. ಗೋಖಲೆ ಹುಟ್ಟಿದ್ದು 1866ರಲ್ಲಿ. ನೂರು ವರ್ಷ ಅವರದ್ದು, ಕಾಲೇಜಿನದಲ್ಲ."

ಕಟ್ಟಿಸಿದ್ದು ದಿನಕರ ದೇಸಾಯಿ. ಗೋಖಲೆ 1905ರಲ್ಲಿ ಪುಣೆಯಲ್ಲಿ ಶುರು ಮಾಡಿದ ಭಾರತ ಸೇವಕ ಸಮಾಜದಲ್ಲಿ ದುಡಿದವರು. ಜಿಲ್ಲೆಯಲ್ಲಿ ಶಾಲೆ, ಕಾಲೇಜು ತೆರೆಯಲು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಮಾಡಿದರು. ಎಲ್ಲರಿಗೂ ಅವರು ಚುಟುಕ ಕವಿ. ನಾಲ್ಕು ಸಾಲು ಬಾಯಿಪಾಠ ಮಾಡಿ ಸುಮ್ನೆ ಮರೆತುಬಿಡುತ್ತೇವೆ, ಅಲ್ವಾ? ನಮ್ಮ ಮನೆಯಲ್ಲಿ ಮಾತ್ರ ಅವರ ಹೆಸರು ಬರುತ್ತಿದ್ದದ್ದು ಗೇಣಿಯ ಮಾತಿನ ಜೊತೆ. ಅಪ್ಪನ ಅಪ್ಪ ಗೇಣಿ ರೈತ. ರೈತರ ಪರ ನಿಂತಿದ್ದಕ್ಕೆ ಬ್ರಿಟಿಷರ ಕಾಲದಲ್ಲಿ ದೇಸಾಯಿಯವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿದ್ದರು. ಅದನ್ನು ಅಜ್ಜ ನಿನ್ನೆ ನಡೆದದ್ದು ಅನ್ನುವ ಹಾಗೆ ಹೇಳುತ್ತಿದ್ದರು.

ತರಗತಿಯ ಕಿಟಕಿ ಹತ್ತಿರ ಅಪ್ಪನನ್ನು ನಿಲ್ಲಿಸಿ ಫೋಟೋ ತೆಗೆಯಬೇಕು ಅಂತ ನನಗೆ. ಅವರು ಕಿಟಕಿ ಕಡೆ ನೋಡಲೇ ಇಲ್ಲ. ಕಟ್ಟಡದ ಹಿಂದೆ ಮುಂದೆ ಎರಡು ಸುತ್ತು ಹಾಕಿದರು.

"ಏನು ಹುಡುಕ್ತಾ ಇದ್ದೀರಿ?"

"ಒಂದು ನಲ್ಲಿ ಇತ್ತು."

ಮಂಜಗುಣಿ ಕಡೆಯಿಂದ ನಡೆದು ಬರುತ್ತಿದ್ದರಂತೆ. ಚಪ್ಪಲಿ ಇರಲಿಲ್ಲ. ಮಳೆಗಾಲದಲ್ಲಿ ಮೊಣಕಾಲಿನವರೆಗೆ ಕೆಂಪು ರಾಡಿ. ಆ ನಲ್ಲಿಯಲ್ಲಿ ಕಾಲು ತೊಳೆದು, ಪಂಚೆ ಇಳಿಬಿಟ್ಟು, ಆಮೇಲೆ ಒಳಗೆ ಹೋಗುವುದು. ಈ ಮಾತು ನನಗೆ ಐವತ್ತು ದಾಟುವವರೆಗೂ ಗೊತ್ತಿರಲಿಲ್ಲ. ಹೊಸ ಚಪ್ಪಲಿಗೆ ಪ್ರತಿ ಜೂನ್‌ನಲ್ಲೂ ಹಟ ಮಾಡುತ್ತಿದ್ದವ ನಾನು.

ನಲ್ಲಿ ಸಿಗಲಿಲ್ಲ.

ಅಷ್ಟರಲ್ಲಿ ಮಗಳು ಶೂ ಕಳಚಿ ಮೈದಾನಕ್ಕೆ ಇಳಿದಿದ್ದಳು, ಅಜ್ಜನ ಹಾಗೆ ನಡೆಯಲು. ನಾಲ್ಕು ಹೆಜ್ಜೆ ಹಾಕಿದ್ದೇ "ಅಯ್ಯಯ್ಯೋ ಸುಡ್ತು" ಅಂತ ಕುಣಿಯತೊಡಗಿದಳು. ಅಪ್ಪನಿಗೆ ನಗು ತಡೆಯಲಾಗಲಿಲ್ಲ.

"ಈ ಬಿಸಿಲಲ್ಲಿ ಯಾರು ನಡೀತಾರೆ ಮಾರಾಯ್ತಿ? ನಾವು ಓಡ್ತಿದ್ವಿ!"