ಗಂಟು ಮಾಸ್ಟ್ರ ಶನಿವಾರಗಳು

ಈ ಮಳೆಗಾಲದ ಮೊದಲ ವಾರದಲ್ಲಿ ನಮ್ಮ ಭೌತಶಾಸ್ತ್ರದ ಸರ್ ತೀರಿಕೊಂಡರು. ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂದಾಗ ನಾನು ಬೆಂಗಳೂರಿನಲ್ಲಿದ್ದೆ. ರಾತ್ರಿ ಬಸ್ಸು ಹಿಡಿದು ಹೊರಟೆ. ಘಾಟಿಯಲ್ಲಿ ಮಣ್ಣು ಕುಸಿದು ಬಸ್ಸು ನಿಂತುಬಿಟ್ಟಿತು, ಮುಖ ನೋಡಲು ಸಿಗಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ. ಮ್ಯಾಗಜೀನಿಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ಬೇರೆ ಯಾವ ವಿಷಯವೂ ಹೊಳೆಯಲಿಲ್ಲ.

1988ರಿಂದ 1991ರವರೆಗೆ ನಾನು ಈ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದೆ. ಓದಿದ ಪಾಠದಲ್ಲಿ ಮುಕ್ಕಾಲು ಪಾಲು ಮರೆತುಹೋಗಿದೆ. ಮರೆಯದೆ ಉಳಿದದ್ದು ಶನಿವಾರ ಮಧ್ಯಾಹ್ನಗಳು.

ಸರ್‌ಗೆ ನಾವು ಇಟ್ಟ ಹೆಸರು ಗಂಟು ಮಾಸ್ಟ್ರು. ಅವರ ಪ್ಯಾಂಟಿನ ಜೇಬಿನಲ್ಲಿ ಯಾವಾಗಲೂ ಒಂದು ಮೊಳ ತೆಳು ಹಗ್ಗ ಇರುತ್ತಿತ್ತು. ಪರೀಕ್ಷೆಯ ಹಾಲ್‌ನಲ್ಲಿ ಮೇಲ್ವಿಚಾರಣೆಗೆ ನಿಂತಾಗಲೂ ಅವರ ಎಡಗೈ ಸುಮ್ನೆ ಇರುತ್ತಿರಲಿಲ್ಲ. ಕುರ್ಚಿಯ ಕೈಗೆ ಒಂದೇ ಕೈಯಲ್ಲಿ ಕ್ಲೋವ್ ಹಿಚ್ ಎಂಬ ಗಂಟು ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಕಣ್ಣು ಮಾತ್ರ ನಮ್ಮ ಮೇಲೆ. ಹರೆಯದಲ್ಲಿ ಉತ್ತರಕಾಶಿಗೆ ಹೋಗಿ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್, ಅಡ್ವಾನ್ಸ್ ಎರಡೂ ಕೋರ್ಸ್ ಮುಗಿಸಿ ಬಂದವರು. ಆ ಸಂಸ್ಥೆ ಶುರುವಾದದ್ದು 1965ರಲ್ಲಿ. ಮಂಗಳೂರಿನಿಂದ ಅಲ್ಲಿಗೆ ಹೋಗಿ ಬರುವುದು ಆಗಿನ ಕಾಲಕ್ಕೆ ಸಣ್ಣ ಮಾತಲ್ಲ.

ಶನಿವಾರ ಅರ್ಧ ದಿನದ ಕ್ಲಾಸು ಮುಗಿದರೆ ನಾವು ಐದಾರು ಹುಡುಗರು, ಇಬ್ಬರು ಹುಡುಗಿಯರು ಹಾಸ್ಟೆಲ್ ಹಿಂದಿನ ಹಳೆ ಕೆಂಪುಕಲ್ಲಿನ ಕೋರೆಗೆ ಹೋಗುತ್ತಿದ್ದೆವು. ಕೆಂಪುಕಲ್ಲು ಹತ್ತಲು ಒಳ್ಳೆಯ ಕಲ್ಲಲ್ಲ, ಹಿಡಿದರೆ ಪುಡಿಯಾಗುತ್ತದೆ. ಅದಕ್ಕೇ ಅಲ್ಲಿ ಕಲಿಯಬೇಕು ಎಂದು ಸರ್ ಹೇಳುತ್ತಿದ್ದರು. ಯಾವುದನ್ನು ನಂಬಬಾರದು ಎಂದು ಕೈಗೆ ಗೊತ್ತಾಗಬೇಕಂತೆ. ನಮ್ಮ ಆ್ಯಂಕರ್, ಅಂದರೆ ಹಗ್ಗ ಕಟ್ಟುವ ಆಧಾರ, ಮೇಲಿನ ದಪ್ಪ ಹಲಸಿನ ಮರ. ಕಲ್ಲಿಗೆ ಮೊಳೆ ಹೊಡೆಯಲು ಒಮ್ಮೆಯೂ ಬಿಡಲಿಲ್ಲ.

ಸಿಲೆಬಸ್ಸಿನಲ್ಲಿ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಇರುವುದು ಒಂದೇ ಪ್ರಯೋಗ. ಲ್ಯಾಬಿನಲ್ಲಿ ಎರಡು ಸ್ಪ್ರಿಂಗ್ ಬ್ಯಾಲೆನ್ಸ್ ನೇತುಹಾಕಿ, ನಡುವೆ ದಾರ ಕಟ್ಟಿ, ದಾರದ ಮಧ್ಯಕ್ಕೆ ಒಂದು ಕಿಲೋ ತೂಕ ತೂಗಿಬಿಟ್ಟರು. ದಾರಗಳು ಹತ್ತಿರವಿದ್ದಾಗ ಎರಡೂ ಮುಳ್ಳು ಅರ್ಧ ಕಿಲೋದ ಹತ್ತಿರ ನಿಂತವು. ಬ್ಯಾಲೆನ್ಸ್‌ಗಳನ್ನು ಮೆಲ್ಲಗೆ ದೂರ ಸರಿಸುತ್ತಾ ಹೋದರು. ಎರಡು ದಾರಗಳ ನಡುವಿನ ಕೋನ 120 ಡಿಗ್ರಿ ಆದಾಗ ಎರಡೂ ಕಡೆ ಒಂದೊಂದು ಕಿಲೋ! "ತೂಕ ಅದೇ ಉಂಟು, ಹೌದಾ? ಆದರೆ ನಿಮ್ಮ ಎರಡೂ ಆ್ಯಂಕರ್ ಪೂರ್ತಿ ಭಾರ ಹೊರುತ್ತಾ ಉಂಟು. ಇನ್ನೂ ಅಗಲ ಮಾಡಿ ನೋಡುವ," ಎಂದರು. ಮುಳ್ಳು ಒಂದು ಕಿಲೋ ದಾಟಿ ಹೋಯಿತು. ಎರಡು ಆ್ಯಂಕರ್ ಸೇರಿಸುವಾಗ ಕೋನ 60 ಡಿಗ್ರಿಗಿಂತ ಕಮ್ಮಿ ಇಡಬೇಕು ಎಂಬ ಮಾತು ಅವತ್ತು ತಲೆಗೆ ಹತ್ತಿದ್ದು ಇಳಿಯಲೇ ಇಲ್ಲ. ವೆಕ್ಟರ್ ಎಂದರೆ ಏನು ಎಂದು ನನಗೆ ಅರ್ಥವಾದದ್ದೂ ಅವತ್ತೇ.

ಇನ್ನೊಬ್ಬ ಗುರುಗಳು ಕಾಲೇಜಿನವರಲ್ಲ. ನಮ್ಮ ಗುಂಪಿನ ಒಬ್ಬನ ತಂದೆ ಮೀನಿನ ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರಾಗಿದ್ದರು. ಜೂನ್, ಜುಲೈನಲ್ಲಿ ಬೋಟುಗಳೆಲ್ಲ ದಡಕ್ಕೆ ಬಂದಾಗ ಸರ್ ನಮ್ಮನ್ನು ಬೋಟು ನಿಲ್ಲುವ ಧಕ್ಕೆಗೆ ಕರೆದುಕೊಂಡು ಹೋದರು. ಗಂಟು ಕಲಿಯಲು ಎಂದು ನಾವು ಅಂದುಕೊಂಡಿದ್ದೆವು. ಬಲೆ ಹೆಣೆಯುತ್ತಾ ಕೂತಿದ್ದ ತಾಂಡೇಲರ ಹತ್ತಿರ ಸರ್ ಕೇಳಿದ್ದು ಒಂದೇ ಪ್ರಶ್ನೆ, "ಹೋಗುವುದೋ ಬೇಡವೋ ಅಂತ ನೀವು ಹೇಗೆ ನಿರ್ಧಾರ ಮಾಡುತ್ತೀರಿ?"

"ಹೋಗುದು ಎಂತ ಕಷ್ಟ ಇಲ್ಲ ಮಾಸ್ಟ್ರೆ," ಎಂದರು ಅವರು. "ಬರುವಾಗ ಹೊಳೆ ಕಡಲಿಗೆ ಸೇರುವ ಅಳಿವೆ ಬಾಗಿಲು ದಾಟ್ಲಿಕ್ಕೆ ಉಂಟಲ್ಲ. ಆಗ ಇಳಿತ ಇದ್ರೆ, ಮೇಲಿಂದ ದೊಡ್ಡ ತೆರೆ ಬಂದ್ರೆ, ಬೋಟು ತುಂಬ ಮೀನು ಇದ್ದು ಭಾರ ಇದ್ರೆ? ಬರುವ ಹೊತ್ತಿನ ಲೆಕ್ಕ ಹಾಕಿಯೇ ಹೊರಡುದು."

ಬೆಟ್ಟದಲ್ಲೂ ಲೆಕ್ಕ ಅದೇ. ಶಿಖರ ಮುಟ್ಟುವಾಗ ಮೈಯಲ್ಲಿ ಹುರುಪು ಇರುತ್ತದೆ. ಇಳಿಯುವಾಗ ಸುಸ್ತು, ಬಿಸಿಲಿಗೆ ಮೆತ್ತಗಾದ ಹಿಮ, ಕಮ್ಮಿಯಾದ ಗಮನ, ಎಲ್ಲ ಒಟ್ಟಿಗೆ ಸೇರುತ್ತವೆ. ಹಿಮ ಗಟ್ಟಿಯಾಗಿರುವಾಗಲೇ ಹತ್ತಿ ಇಳಿಯಬೇಕು ಎಂದು ಆರೋಹಿಗಳು ನಡುರಾತ್ರಿ ಒಂದು, ಎರಡು ಗಂಟೆಗೆ ಹೊರಡುವುದು ಇದಕ್ಕೇ. ಅವತ್ತು ಸರ್ ನಮಗೆ ಇದನ್ನೆಲ್ಲ ಬಿಡಿಸಿ ಹೇಳಲಿಲ್ಲ. ತಾಂಡೇಲರ ಮಾತು ಕೇಳಿಸಿ, ಚಾ ಕುಡಿಸಿ, ಬಸ್ ಹತ್ತಿಸಿದರು.

ಇನ್ನು ನಮ್ಮ ದೊಡ್ಡ ಕಿತಾಪತಿ. ಎರಡನೇ ವರ್ಷ, ಕಾಲೇಜ್ ಡೇಯ ಹಿಂದಿನ ದಿನ. ಹಗ್ಗ ಇಡುವ ಬೀರುವಿನ ಕೀಲಿ ನಮ್ಮ ಹತ್ತಿರವೇ ಇತ್ತು. ಹಳೆ ಕಟ್ಟಡದ ಎರಡನೇ ಮಾಳಿಗೆಯ ಕಂಬಕ್ಕೆ ಆ್ಯಂಕರ್ ಹಾಕಿದೆವು. ತಾಂಡೇಲರ ಮಗ ಕೆಳಗಿನ ಅರ್ಥಶಾಸ್ತ್ರದ ಕ್ಲಾಸಿನ ಕಿಟಕಿಯ ಎದುರು ರ್‍ಯಾಪೆಲ್ ಮಾಡಿಕೊಂಡು, ಅಂದರೆ ಹಗ್ಗ ಹಿಡಿದು ಜಾರುತ್ತಾ ಇಳಿದು ಬಂದು, ಅಲ್ಲೇ ನಿಂತು, ಮೇಡಂಗೆ ನಮಸ್ಕಾರ ಹಾಕಿದ. ಕ್ಲಾಸಿಗೆ ಕ್ಲಾಸೇ ಎದ್ದು ಕಿಟಕಿಗೆ ಬಂತು. ಆ ಚಪ್ಪಾಳೆ ಬಾವುಟಗುಡ್ಡೆವರೆಗೆ ಕೇಳಿಸಿರಬೇಕು.

ಸರ್ ಬಂದರು. ಬೈಯಲಿಲ್ಲ. ಮೊದಲು ಆ್ಯಂಕರ್ ನೋಡಿದರು. ಆಮೇಲೆ ಬಗ್ಗಿ ಕೆಳಗೆ ನೋಡಿದರು. ಹಗ್ಗ ನೆಲಕ್ಕೆ ಮುಟ್ಟದೆ ಒಂದಾಳೆತ್ತರ ಮೇಲೆಯೇ ತೂಗುತ್ತಿತ್ತು.

"ತುದಿಗೆ ಗಂಟು ಎಲ್ಲುಂಟು ಮಾರಾಯ?"

ಯಾರೂ ಮಾತಾಡಲಿಲ್ಲ. ಗಂಟಿಲ್ಲದಿದ್ದರೆ ಇಳಿಯುವವನು ಹಗ್ಗದ ತುದಿ ದಾಟಿ ಜಾರಿ ಬಿದ್ದುಬಿಡಬಹುದು. ಹಗ್ಗ ಮೇಲೆಳೆದು, ಕಟ್ಟೆಯ ಅಂಚಿಗೆ ಉಜ್ಜಿದ್ದ ಜಾಗವನ್ನು ಬೆರಳಲ್ಲಿ ಸವರುತ್ತಾ ಹುಡುಕಿದರು. ಹೊರಕವಚದ ನೂಲು ಎದ್ದು ನಯವಾದ ತುಪ್ಪಟದ ಹಾಗೆ ಆಗಿತ್ತು, ಒಂದು ಕಡೆ ಒಳಗಿನ ಬಿಳಿ ಎಳೆ ಇಣುಕುತ್ತಿತ್ತು. ಜೇಬಿನಿಂದ ಚಾಕು ತೆಗೆದು, ನಮ್ಮೆಲ್ಲರ ಎದುರು ಅಲ್ಲಿಗೇ ಹಗ್ಗ ಕತ್ತರಿಸಿದರು. ಕಾಲೇಜಿನಲ್ಲಿ ಇದ್ದದ್ದೇ ಎರಡು ಹಗ್ಗ. ಪ್ರಾಂಶುಪಾಲರು ಹಾಕಿದ ದಂಡವನ್ನು ನಾವೆಲ್ಲ ಸೇರಿ ಕಟ್ಟಿದೆವು, ಹೊಸ ಹಗ್ಗ ತಂದದ್ದು ಸರ್ ಸಂಬಳದಿಂದ. ಇಂದಿಗೂ ರ್‍ಯಾಪೆಲ್‌ಗೆ ಹಗ್ಗ ಬಿಡುವ ಮೊದಲು ಎರಡೂ ತುದಿಗೆ ಗಂಟು ಹಾಕದೆ ನನ್ನ ಕೈ ಮುಂದೆ ಹೋಗುವುದಿಲ್ಲ.

ಆದರೆ ಸರ್ ಎಂದರೆ ಹಗ್ಗ, ಗಂಟು ಅಷ್ಟೇ ಅಲ್ಲ. ಅವರ ನಿಜವಾದ ಪಾಠ ನನಗೆ ಸಿಕ್ಕಿದ್ದು ಗಡಾಯಿಕಲ್ಲಿನಲ್ಲಿ. ಬೆಳ್ತಂಗಡಿ ಹತ್ತಿರದ ಆ ಒಂಟಿ ಬಂಡೆ ಸುಮಾರು 1,700 ಅಡಿ ಎತ್ತರ. ಟಿಪ್ಪು ಸುಲ್ತಾನ 1794ರಲ್ಲಿ ಮೇಲೆ ಕೋಟೆ ಕಟ್ಟಿಸಿ, ಜಮಾಲಾಬಾದ್ ಎಂದು ಕರೆದ. ಮೇಲೆ ಹೋಗಲು 1,800ಕ್ಕೂ ಜಾಸ್ತಿ ಮೆಟ್ಟಿಲು. ನಾವು ಹೋದದ್ದು ಏಪ್ರಿಲ್‌ನಲ್ಲಿ. ಎಲ್ಲಿದ್ದರೂ ಹನ್ನೆರಡು ಗಂಟೆಗೆ ತಿರುಗುವುದು ಎಂದು ಬೆಳಿಗ್ಗೆ ಬಸ್ಸಿನಲ್ಲೇ ಎಲ್ಲರ ಬಾಯಲ್ಲೂ ಹೇಳಿಸಿದ್ದರು. ಏಪ್ರಿಲ್ ಮಧ್ಯಾಹ್ನ ಘಟ್ಟದ ಮೇಲೆ ಮೋಡ ಕಟ್ಟಿ ಗುಡುಗುವುದು ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ? ಬೋಳು ಬಂಡೆಯ ಮೇಲೆ ಸಿಡಿಲಿಗೆ ಸಿಕ್ಕರೆ ಅಡಗಲು ಜಾಗವಿಲ್ಲ.

ಹನ್ನೆರಡು ಹೊಡೆದಾಗ ಮೇಲಿನ ಕೋಟೆ ಗೋಡೆ ಕಾಣುತ್ತಿತ್ತು. ಕುದುರೆಮುಖದ ಕಡೆ ಮೋಡ ಕಪ್ಪಾಗಿತ್ತು. "ಪಿರ ಪೋಯಿ," ವಾಪಸ್ ಹೋಗುವ ಎಂದು ತುಳುವಿನಲ್ಲಿ ಹೇಳಿ ಸರ್ ತಿರುಗಿಬಿಟ್ಟರು. ಮಳೆ ಬರಲಿಲ್ಲ. ಸಂಜೆ ಹೊತ್ತಿಗೆ ಆಕಾಶ ಬೆಳ್ಳಗಾಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೂ ಅವರ ಜೊತೆ ಮಾತಾಡಲಿಲ್ಲ.

ಸೋಮವಾರ ಸರ್ ಒಂದು ನೀಲಿ ರಟ್ಟಿನ ನೋಟ್ ಪುಸ್ತಕ ತಂದರು. ಬೆಟ್ಟದಿಂದ ಹಿಂದಿರುಗಿದ ಪ್ರತಿ ಸಲವೂ ಅದರಲ್ಲಿ ಬರೆಯುತ್ತಿದ್ದರು. ಗಾಳಿ ಯಾವ ಕಡೆಯಿಂದ, ಮೋಡ ಹೇಗಿತ್ತು, ಯಾರು ಸುಸ್ತಾಗಿದ್ದರು, ಯಾರು ಮುಂದೆ ಹೋಗೋಣ ಎಂದರು, ಯಾಕೆ ಎಂದರು. ಗಡಾಯಿಕಲ್ಲಿನ ಪುಟ ಓದಿಸಿ ಹೇಳಿದರು: "ಮಳೆ ಬರಲಿಲ್ಲ ಅಂತ ಮೊನ್ನೆಯ ನಿರ್ಧಾರ ತಪ್ಪು ಆಗುವುದಿಲ್ಲ. ಮಳೆ ಬಂದಿದ್ದರೆ ಅಷ್ಟಕ್ಕೇ ಸರಿಯೂ ಆಗುತ್ತಿರಲಿಲ್ಲ. ಹನ್ನೆರಡು ಗಂಟೆಗೆ ನಮಗೆ ಎಂತ ಗೊತ್ತಿತ್ತು, ಅಷ್ಟನ್ನು ನೋಡುವ."

ಡಿಗ್ರಿ ಮುಗಿಸಿ ನಾನೂ ಉತ್ತರಕಾಶಿಗೆ ಹೋದೆ. ಬೇಸಿಕ್‌ನಲ್ಲಿ ಎ ಗ್ರೇಡ್ ಬಂತು. ಎ ಗ್ರೇಡ್ ಇಲ್ಲದವರಿಗೆ ಅಡ್ವಾನ್ಸ್ ಕೋರ್ಸ್ ಸಿಗುವುದಿಲ್ಲ, ಅಲ್ವಾ? ಹಾಗಾಗಿ ಬೀಗುತ್ತಲೇ ಸರ್‌ಗೆ ಪತ್ರ ಬರೆದೆ. ಇನ್‌ಲ್ಯಾಂಡ್ ಲೆಟರಿನಲ್ಲಿ ಉತ್ತರ ಬಂತು. ಸಂತೋಷ ಎಂದು ಒಂದು ಸಾಲು. ಆಮೇಲೆ: "ಇನ್ನು ಜಾಗ್ರತೆ. ಹೊಸಬನಿಗೆ ಹೆದರಿಕೆ ಇರುತ್ತದೆ, ಪಳಗಿದವನಿಗೆ ಅಂದಾಜು ಇರುತ್ತದೆ. ನೀನು ಈಗ ನಡುವೆ ಇದ್ದಿ. ಹೆದರಿಕೆ ಹೋಗಿದೆ, ಅಂದಾಜು ಬಂದಿಲ್ಲ."

ನಡುವಿನ ಆ ಹಂತದಲ್ಲಿ ಕಲಿಯಲು ತುಂಬ ಇದೆ. ಹಗ್ಗದಲ್ಲಿ ಮುಂದಾಳಾಗಿ ಹತ್ತುವುದು, ಮಂಜುಗಡ್ಡೆಗೆ ತಿರುಗಿಸಿ ಕೂರಿಸುವ ಐಸ್ ಸ್ಕ್ರೂ ಹಾಕುವುದು, ಬೂಟಿಗೆ ಕಟ್ಟುವ ಕ್ರ್ಯಾಂಪನ್ನಿನ ಮುಂದಿನ ಮುಳ್ಳು ಊರಿ ಕಡಿದಾದ ಮಂಜುಗಡ್ಡೆ ಏರುವುದು, ಜಾರಿದರೆ ಐಸ್ ಆ್ಯಕ್ಸ್ ಒತ್ತಿ ತಡೆಯುವುದು, ಹಿಮನದಿಯ ಬಿರುಕಿಗೆ ಬಿದ್ದವನನ್ನು ಮೂರರಲ್ಲೊಂದು ಪಾಲು ಬಲ ಸಾಕಾಗುವ ಪುಲ್ಲಿಯಲ್ಲಿ ಎಳೆಯುವುದು. ಬಿಡದೆ ಅಭ್ಯಾಸ ಮಾಡಿದರೆ ಇವು ಕೈಗೆ ಬರುತ್ತವೆ. ಇಳಿಜಾರು ನೋಡಿ ಓದುವುದು ಅಷ್ಟು ಬೇಗ ಬರುವುದಿಲ್ಲ. ಹಿಮದ ಪದರ ಕಳಚಿ ಬೀಳುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಅಂದರೆ ಹತ್ತಲು ನಮಗೆ ಮಜಾ ಅನ್ನಿಸುವ ಇಳಿಜಾರಿನಲ್ಲೇ. ನಮ್ಮಂತೆ ಕಡಲ ಮಟ್ಟದಿಂದ ಹೋಗುವವರಿಗೆ ಎತ್ತರದ ಲೆಕ್ಕ ಬೇರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು. ಯಾರಿಗಾದರೂ ತಲೆನೋವಿನ ಜೊತೆ ನಡಿಗೆ ತೂರಾಡಿದರೆ ಅವನನ್ನು ಕೂಡಲೇ ಕೆಳಗಿಳಿಸಬೇಕು, ಬೆಳಗಾಗಲಿ ಎಂದು ಕಾಯಬಾರದು.

ಕೆಲವು ವರ್ಷಗಳ ಹಿಂದೆ ಮನಾಲಿ ಬಳಿಯ 5,289 ಮೀಟರಿನ ಫ್ರೆಂಡ್‌ಶಿಪ್ ಪೀಕ್‌ಗೆ ನಮ್ಮ ಕಡೆಯ ಹುಡುಗರ ತಂಡ ಕರೆದುಕೊಂಡು ಹೋಗಿದ್ದೆ. ಎರಡು ದಿನ ಮೊದಲು ಹೊಸ ಹಿಮ ಬಿದ್ದಿತ್ತು, ಗಾಳಿ ಅದನ್ನು ನಮ್ಮ ಇಳಿಜಾರಿಗೇ ತಂದು ಪೇರಿಸಿತ್ತು. ಬೂಟು ಊರಿದರೆ ಒಳಗೆ ಧುಂ ಎನ್ನುವ ಸದ್ದು, ಕಾಲಿನ ಬುಡದಿಂದ ಬಿರುಕು ಓಡುತ್ತಿತ್ತು. ಹಿಮದ ಪದರ ಕಳಚುವ ಲಕ್ಷಣ ಅದು. ಶಿಖರ ಎದುರಿಗೇ ಇತ್ತು. ತಂಡ ತಿರುಗಿಸಿದೆ. ಅದೇ ದಿನ ಇನ್ನೊಂದು ತಂಡ ಮೇಲೆ ಹೋಗಿ, ಫೋಟೋ ತೆಗೆಸಿಕೊಂಡು, ಸುರಕ್ಷಿತವಾಗಿ ಇಳಿದು ಬಂತು. ನನ್ನ ಹುಡುಗರು ಊಟದ ಡೇರೆಯಲ್ಲಿ ಮುಖ ತಿರುಗಿಸಿ ಕೂತರು. ನಾನು ನೋಟ್ ಪುಸ್ತಕ ತೆಗೆದು ಪ್ರತಿಯೊಬ್ಬರಿಂದಲೂ ಬರೆಸಿದೆ. ಅವರಲ್ಲಿ ಇಬ್ಬರು ಇವತ್ತು ತಾವೇ ತಂಡ ನಡೆಸುತ್ತಾರೆ, ಇಬ್ಬರ ಬ್ಯಾಗಿನಲ್ಲೂ ಅಂಥದ್ದೇ ಪುಸ್ತಕ ಇರುತ್ತದೆ. ರಾಮನಗರದಲ್ಲೋ ಬಾದಾಮಿಯಲ್ಲೋ ಬಂಡೆ ಹತ್ತುವವರಲ್ಲಿ ನನ್ನನ್ನು ಬಲ್ಲವರು ಬಹಳ ಜನ ಇದ್ದಾರೆ. ನನ್ನ ತಂಡದಲ್ಲಿ ಯಾರಿಗೂ ದೊಡ್ಡ ಗಾಯ ಆಗಿಲ್ಲ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ ಇದೆ. ಆ ಹೆಮ್ಮೆಯಲ್ಲಿ ದೊಡ್ಡ ಪಾಲು ಸರ್‌ದು.

2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಾಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಉತ್ತರಕಾಶಿಯ ಅದೇ ಸಂಸ್ಥೆಯ ಅಡ್ವಾನ್ಸ್ ಕೋರ್ಸಿನ 20ಕ್ಕೂ ಹೆಚ್ಚು ಮಂದಿ ತೀರಿಕೊಂಡಾಗ ಸರ್ ಫೋನ್ ಮಾಡಿದ್ದರು. ಮಾತು ಹೊರಡುತ್ತಿರಲಿಲ್ಲ. "ಅಲ್ಲಿ ಇಲ್ಲದವರು ನಾವು, ತೀರ್ಪು ಕೊಡುವುದು ಬೇಡ," ಎಂದಷ್ಟೇ ಹೇಳಿದರು.

ಈಗಿನ ಕಾಲೇಜಿನ ಬಗ್ಗೆ ಒಂದು ಮಾತು ಹೇಳಿದರೆ ಹುಡುಗರು ಬೇಸರಿಸಬಾರದು. ಕೋರೆಗೆ ಬೇಲಿ ಬಿದ್ದಿದೆ, ಹಗ್ಗದ ಬೀರು ಇದ್ದ ಜಾಗದಲ್ಲಿ ಝೆರಾಕ್ಸ್ ಮೆಷಿನ್ ಇದೆ. ಸರ್ಟಿಫಿಕೇಟ್ ಸಿಗದ ಶನಿವಾರಕ್ಕೆ ಬೆಲೆಯೇ ಇಲ್ಲ. ಇನ್ನು ವೀಕೆಂಡ್ ಟ್ರೆಕ್ಕುಗಳಲ್ಲಿ ಮೇಲೆ ಮುಟ್ಟಿದವರಿಗೆ ಪದಕ ಕೊಡುತ್ತಾರೆ. ಸರಿಯಾದ ಕಾರಣಕ್ಕೆ ತಿರುಗಿ ಬಂದವರನ್ನು ಯಾರೂ ಕೇಳುವುದಿಲ್ಲ. ಮೇಷ್ಟ್ರುಗಳನ್ನೂ ದೂರಲಾರೆ, ಅವರಿಗೆ ಫಾರಂ ತುಂಬಿಸಿ ಮುಗಿಯುವುದಿಲ್ಲ.

ಸರ್ ಮನೆಯವರು ನೀಲಿ ರಟ್ಟಿನ ಪುಸ್ತಕಗಳನ್ನೆಲ್ಲ ನನ್ನ ಕೈಗೆ ಕೊಟ್ಟಿದ್ದಾರೆ. ಸ್ಕ್ಯಾನ್ ಮಾಡಿಸಿ, ಮೂಲ ಪ್ರತಿಗಳನ್ನು ಕಾಲೇಜು ಲೈಬ್ರರಿಗೆ ಒಪ್ಪಿಸುತ್ತೇನೆ. ನಮ್ಮ ಬ್ಯಾಚಿನವರು ಸೇರಿ ಎರಡು ಹೊಸ ಹಗ್ಗ, ಹೆಲ್ಮೆಟ್, ಹಾರ್ನೆಸ್ ಕೊಡುವುದು ಎಂದು ಮಾತಾಗಿದೆ. ವರ್ಷಕ್ಕೆ ಇಬ್ಬರ ಬೇಸಿಕ್ ಕೋರ್ಸಿನ ಖರ್ಚನ್ನೂ ನೋಡಿಕೊಳ್ಳುತ್ತೇವೆ, ಹುಡುಗಿಯರಿಗೆ ಒಂದು ಸೀಟು ಖಾಯಂ. ಆಸೆ ಇದ್ದವರು ಕಾಲೇಜು ಕಚೇರಿಯಲ್ಲಿ ಹೆಸರು ಬರೆಸಿ. ಆಯ್ಕೆಗೆ ಮೊದಲು ಒಂದು ಭಾನುವಾರ ಎಲ್ಲರನ್ನೂ ಗಡಾಯಿಕಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ನೀರು, ಟೋಪಿ, ಒಂದು ನೋಟ್ ಪುಸ್ತಕ ತನ್ನಿ. ಹನ್ನೆರಡು ಗಂಟೆಗೆ ತಿರುಗುತ್ತೇವೆ.