ಉದ್ದನೆಯ ಕರುಳು ಮತ್ತು ಪ್ರತಿರಾತ್ರಿಯ ಔಷಧಿ

ನನ್ನ ದೊಡ್ಡ ಕರುಳು ಇರಬೇಕಾದದ್ದಕ್ಕಿಂತ ಉದ್ದವಾಗಿದೆ ಎಂಬುದು ತಿಳಿದದ್ದು ಮಲಬದ್ಧತೆಗೆಂದು ಕೊಲೊನೋಸ್ಕೋಪಿ (ಗುದದ್ವಾರದಿಂದ ಕ್ಯಾಮೆರಾ ಇರುವ ನಳಿಕೆ ತೂರಿಸಿ ಕರುಳನ್ನು ನೋಡುವ ಪರೀಕ್ಷೆ) ಮಾಡಿಸಿದಾಗ. ಎಡಭಾಗದ ಸುರುಳಿಗಳಲ್ಲಿ ನಳಿಕೆ ಮತ್ತೆ ಮತ್ತೆ ಬಾಗಿ ಮುಂದಕ್ಕೆ ಹೋಗದಿದ್ದುದರಿಂದ ವೈದ್ಯರು ಅಲ್ಲಿಗೇ ನಿಲ್ಲಿಸಿ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ವರದಿಯಲ್ಲಿ ‘ರಿಡಂಡಂಟ್ ಸಿಗ್ಮಾಯ್ಡ್ ಕೋಲನ್’, ಅಂದರೆ ದೊಡ್ಡ ಕರುಳಿನ ಕೊನೆಯ ಬಾಗಿದ ಭಾಗ ಬೇಕಾದದ್ದಕ್ಕಿಂತ ಉದ್ದ, ಎಂದು ಬರೆದಿತ್ತು. ಗಡ್ಡೆಯಾಗಲಿ ಹುಣ್ಣಾಗಲಿ ಇರಲಿಲ್ಲ. ದಾವಣಗೆರೆಯಲ್ಲಿ ವೈದ್ಯರಿಗೂ ಆಸ್ಪತ್ರೆಗಳಿಗೂ ಕೊರತೆಯಿಲ್ಲ. ಆದರೂ ಹೊಟ್ಟೆ ಕಟ್ಟುವ ಕಾಯಿಲೆಗೆ ತಜ್ಞರ ಬಳಿ ಹೋಗಬೇಕೆಂದು ನಮ್ಮ ಮನೆಗಳಲ್ಲಿ ಯಾರೂ ಹೇಳುವುದಿಲ್ಲ. ಒಂದು ಲೋಟ ಬಿಸಿನೀರು, ರಾತ್ರಿ ಎರಡು ಬಾಳೆಹಣ್ಣು, ತಿಂಗಳಿಗೊಮ್ಮೆ ಹರಳೆಣ್ಣೆ, ಇಷ್ಟರಲ್ಲೇ ಮಾತು ಮುಗಿದುಹೋಗುತ್ತದೆ.

ದೊಡ್ಡ ಕರುಳು ಸಾಮಾನ್ಯವಾಗಿ ಸುಮಾರು ಒಂದೂವರೆ ಮೀಟರ್ ಉದ್ದವಿರುತ್ತದೆ. ಹೊಟ್ಟೆಯ ಬಲಗಡೆ ಮೇಲಕ್ಕೇರಿ, ಅಡ್ಡಲಾಗಿ ಸಾಗಿ, ಎಡಗಡೆ ಕೆಳಗಿಳಿದು, ಸಿಗ್ಮಾಯ್ಡ್ ಎಂಬ ಬಾಗಿದ ಭಾಗದ ಮೂಲಕ ಗುದನಾಳವನ್ನು ಸೇರುತ್ತದೆ. ಕೆಲವರಲ್ಲಿ ಇದರ ಯಾವುದಾದರೊಂದು ಭಾಗ, ಬಹುಮಟ್ಟಿಗೆ ಸಿಗ್ಮಾಯ್ಡ್, ಹೆಚ್ಚು ಉದ್ದವಾಗಿದ್ದು ಇರುವ ಜಾಗದಲ್ಲೇ ಮಡಿಕೆ ಬಿದ್ದಿರುತ್ತದೆ. ಉಳಿದ ಆಹಾರದಿಂದ ನೀರನ್ನೂ ಲವಣವನ್ನೂ ಹೀರಿಕೊಳ್ಳುವುದು ದೊಡ್ಡ ಕರುಳಿನ ಮುಖ್ಯ ಕೆಲಸ. ಮಲ ಒಳಗೆ ಹೆಚ್ಚು ಹೊತ್ತು ಉಳಿದಷ್ಟೂ ಅದರಲ್ಲಿನ ನೀರು ಇಂಗಿಹೋಗಿ ಅದು ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ಮುಂದೆ ಸರಿಯುವುದು ನಿಧಾನವಾಗುತ್ತದೆ.

ಹಾಗೆಂದು ಉದ್ದನೆಯ ಕರುಳಿರುವ ಎಲ್ಲರಿಗೂ ಮಲಬದ್ಧತೆ ಇರುವುದಿಲ್ಲ. ಎಷ್ಟೋ ಜನರಲ್ಲಿ ಇದು ಬೇರಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಆಕಸ್ಮಿಕವಾಗಿ ಕಾಣಿಸುತ್ತದೆ. ಅವರಿಗೆ ಯಾವ ತೊಂದರೆಯೂ ಇರುವುದಿಲ್ಲ. ಆದ್ದರಿಂದಲೇ ನನ್ನ ವೈದ್ಯರು ವರದಿ ಕೈಗೆ ಬಂದ ಮೇಲೂ ಬೇರೆ ಕಾರಣಗಳನ್ನು ಹುಡುಕುವುದನ್ನು ಬಿಡಲಿಲ್ಲ. ಥೈರಾಯ್ಡ್, ರಕ್ತದಲ್ಲಿನ ಕ್ಯಾಲ್ಸಿಯಂ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿದರು. ರಕ್ತಹೀನತೆಗೆ ನುಂಗುತ್ತಿದ್ದ ಕಬ್ಬಿಣಾಂಶದ ಮಾತ್ರೆಯ ಬಗ್ಗೆ ಕೇಳಿದರು, ಏಕೆಂದರೆ ಅದು ಮಲವನ್ನು ಗಟ್ಟಿ ಮಾಡುತ್ತದೆ; ರಕ್ತದೊತ್ತಡದ ಕೆಲವು ಮಾತ್ರೆಗಳು, ಬಲವಾದ ನೋವುನಿವಾರಕಗಳು ಸಹ ಇದೇ ತೊಂದರೆ ಕೊಡುತ್ತವೆ. ಮಲವಿಸರ್ಜನೆಗೆ ತಿಣುಕುವಾಗ ಸಡಿಲಗೊಳ್ಳಬೇಕಾದ ಗುದದ್ವಾರದ ಸ್ನಾಯುಗಳು ಕೆಲವರಲ್ಲಿ ಬಿಗಿಯಾಗುತ್ತವೆ. ಅಂಥವರಿಗೆ ಔಷಧಿಗಿಂತ, ಆ ಸ್ನಾಯುಗಳನ್ನು ಸಡಿಲಿಸುವುದನ್ನು ಕಲಿಸುವ ಬಯೋಫೀಡ್‌ಬ್ಯಾಕ್ ಎಂಬ ತರಬೇತಿ ಹೆಚ್ಚು ನೆರವಾಗುತ್ತದೆ. ವರ್ಷಗಟ್ಟಲೆ ತಿಣುಕುತ್ತಿರುವವರು ಇದೊಂದನ್ನಾದರೂ ವೈದ್ಯರ ಬಳಿ ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ.

ನಾರಿನಂಶದ ವಿಷಯದಲ್ಲಿ ನಮ್ಮ ಕಡೆಯವರು ಅದೃಷ್ಟವಂತರು. ಜೋಳದ ರೊಟ್ಟಿ, ನವಣೆ ಅನ್ನ, ಹೆಸರುಕಾಳು, ಮಡಿಕೆಕಾಳು, ಪುಂಡಿಪಲ್ಯ, ಮೆಂತ್ಯಸೊಪ್ಪು ಯಾವ ಅಂಗಡಿಯ ವಿಶೇಷ ಆಹಾರವೂ ಅಲ್ಲ, ನಿತ್ಯದ ಊಟ. ವಯಸ್ಕರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು ಎಂಬ ಸಲಹೆಯನ್ನು ಈ ಅಡುಗೆಯಲ್ಲೇ ಪೂರೈಸಬಹುದು. ಬೆಣ್ಣೆದೋಸೆಯನ್ನು ನಾನು ಬಿಟ್ಟಿಲ್ಲ. ಅದನ್ನು ತಿಂದ ದಿನ ಮಧ್ಯಾಹ್ನ ಅನ್ನದ ಬದಲು ರೊಟ್ಟಿ, ಕಾಳುಪಲ್ಯ ಇರುವಂತೆ ನೋಡಿಕೊಳ್ಳುತ್ತೇನೆ. ಆದರೆ ನಿಧಾನವಾಗಿ ಚಲಿಸುವ ಕರುಳಿಗೆ ನಾರನ್ನು ತುಂಬುತ್ತಲೇ ಹೋದರೆ ಉಪಕಾರಕ್ಕಿಂತ ಉಪದ್ರವವೇ ಹೆಚ್ಚಾಗಬಹುದು. ಇಸಬ್‌ಗೋಲ್ ಪ್ರಮಾಣ ಹೆಚ್ಚಿಸಿದಾಗಲೆಲ್ಲ ನನಗೆ ಹೊಟ್ಟೆ ಉಬ್ಬರಿಸಿ ಸಂಜೆಯ ಹೊತ್ತಿಗೆ ಸೀರೆಯ ನೆರಿಗೆ ಬಿಗಿಯಾಗುತ್ತಿತ್ತು. ಈಗ ಒಂದೇ ಚಮಚ, ಅದೂ ದೊಡ್ಡ ಲೋಟದ ತುಂಬ ನೀರಿನೊಂದಿಗೆ. ನೀರು ಕಡಿಮೆಯಾದರೆ ಆ ಹೊಟ್ಟು ಒಳಗೇ ಅಂಟುಗಟ್ಟುತ್ತದೆ. ಮಾರ್ಚ್‌ನಿಂದ ಮೇವರೆಗಿನ ನಮ್ಮ ಬಿಸಿಲಿನಲ್ಲಿ ಬೆವರಾಗಿ ಹೋಗುವ ನೀರಿನ ಲೆಕ್ಕವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು.

ನನಗೆ ನಿಜವಾದ ಬದಲಾವಣೆ ತಂದದ್ದು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿ. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದರ ಬಗ್ಗೆಯೇ. ನೀರಿನಲ್ಲಿ ಕರಗಿಸಿ ಕುಡಿದ ಈ ಪುಡಿ ರಕ್ತಕ್ಕೆ ಹೆಚ್ಚುಕಡಿಮೆ ಸೇರುವುದೇ ಇಲ್ಲ. ತನ್ನೊಂದಿಗೆ ನೀರನ್ನು ಹಿಡಿದಿಟ್ಟುಕೊಂಡು ಕರುಳಿನುದ್ದಕ್ಕೂ ಸಾಗಿ ಮಲವನ್ನು ಮೆದುವಾಗಿಡುತ್ತದೆ. ಲ್ಯಾಕ್ಟುಲೋಸ್ ಸಿರಪ್ ಕೂಡ ನೀರನ್ನು ಸೆಳೆಯುವ ಔಷಧಿಯೇ. ಆದರೆ ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸುವುದರಿಂದ ವಾಯು ಹೆಚ್ಚುತ್ತದೆ, ನನಗಂತೂ ಅದು ಒಗ್ಗಲಿಲ್ಲ. ಪುಡಿ ಕುಡಿಯುವುದನ್ನು ಕಂಡ ನಮ್ಮತ್ತೆ, “ಏನವ್ವಾ, ಈಗ್ಲೇ ಇದನ್ನ ರೂಢಿ ಮಾಡ್ಕಂಡ್ರೆ ಮುಂದೆ ಅದಿಲ್ದೆ ಹೊಟ್ಟೇನೇ ಹೋಗಲ್ಲ” ಎಂದು ನಿಜವಾದ ಕಾಳಜಿಯಿಂದಲೇ ಹೇಳಿದರು. ಈ ಭಯ ಅವರೊಬ್ಬರದಲ್ಲ. ವಿದ್ಯಾವಂತ ಸಹೋದ್ಯೋಗಿಗಳೂ ಇದನ್ನೇ ಹೇಳುತ್ತಾರೆ. ಅಮೆರಿಕದ ಜಠರ–ಕರುಳು ತಜ್ಞರ ಎರಡು ಸಂಘಟನೆಗಳು 2023ರಲ್ಲಿ ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ವಯಸ್ಕರ ದೀರ್ಘಕಾಲದ ಮಲಬದ್ಧತೆಗೆ ಈ ಔಷಧಿಯನ್ನು ಬಲವಾಗಿ ಶಿಫಾರಸು ಮಾಡಲಾಗಿದೆ. ಬಿಸಾಕೋಡಿಲ್‌ನಂತೆ ಕರುಳನ್ನು ಪ್ರಚೋದಿಸುವ ಮಾತ್ರೆಯನ್ನು ಅಲ್ಪಾವಧಿಗೆ ಅಥವಾ ಬೇರೆಲ್ಲ ಸೋತಾಗ ಆಸರೆಗೆ ಬಳಸಬಹುದೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ರಕ್ತದೊತ್ತಡದ ಮಾತ್ರೆಯನ್ನು ಪ್ರತಿದಿನ ನುಂಗುವವರನ್ನು ಯಾರೂ ಚಟ ಹತ್ತಿಸಿಕೊಂಡವರೆಂದು ಕರೆಯುವುದಿಲ್ಲ. ನನ್ನ ಕರುಳಿನ ಉದ್ದವನ್ನು ನಾನು ಬದಲಿಸಲಾರೆ. ಅದರೊಳಗಿನ ನೀರನ್ನು ಉಳಿಸಿಕೊಳ್ಳಬಲ್ಲೆ, ಅದಕ್ಕಾಗಿ ಪ್ರತಿರಾತ್ರಿ ಔಷಧಿ ಬೇಕಾದರೆ ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಪ್ರಮಾಣವನ್ನು ಮಾತ್ರ ವೈದ್ಯರೇ ನಿರ್ಧರಿಸಬೇಕು, ವಿಶೇಷವಾಗಿ ಮೂತ್ರಪಿಂಡದ ಅಥವಾ ಹೃದಯದ ತೊಂದರೆ ಇರುವವರಿಗೆ.

ಔಷಧಿಯಷ್ಟೇ ಮುಖ್ಯವಾದದ್ದು ಬೆಳಗಿನ ಸಮಯ. ನಾನು ಪಾಠ ಮಾಡುವ ಶಾಲೆ ಇರುವುದು ಜಗಳೂರು ತಾಲ್ಲೂಕಿನಲ್ಲಿ, ಮನೆ ದಾವಣಗೆರೆಯಲ್ಲಿ. ಬಸ್ಸಿನ ವೇಳೆಯೇ ಇಡೀ ಬೆಳಗನ್ನು ಆಳುತ್ತದೆ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುವುದು ಶರೀರದ ಸಹಜ ಪ್ರತಿಕ್ರಿಯೆ, ಬೆಳಗಿನ ತಿಂಡಿಯ ನಂತರ ಅದು ಚೆನ್ನಾಗಿ ತಿಳಿಯುತ್ತದೆ. ಆ ಹೊತ್ತಿನ ಕರೆಯನ್ನು ತಡೆದುಕೊಂಡು ಬಸ್ಸು ಹತ್ತಿದರೆ ಅದು ಆರಿಹೋಗುತ್ತದೆ, ಮತ್ತೆ ಯಾವಾಗ ಬರುತ್ತದೆಂದು ಹೇಳಲಾಗುವುದಿಲ್ಲ. ಆದ್ದರಿಂದ ಮನೆಯಲ್ಲಿ ಎಲ್ಲರೊಂದಿಗೆ ಮಾತಾಡಿ, ಅಡುಗೆಯ ಅರ್ಧ ಕೆಲಸವನ್ನು ಯಜಮಾನರು ವಹಿಸಿಕೊಳ್ಳುವಂತೆ ಮಾಡಿ, ನನ್ನ ತಿಂಡಿಯನ್ನು ಮೊದಲಿಗೆ ತಂದುಕೊಂಡಿದ್ದೇನೆ. ಕುಕ್ಕರಗಾಲಿನಲ್ಲಿ ಕೂರುವ ಹಳೆಯ ಪದ್ಧತಿಯಲ್ಲಿ ಗುದನಾಳದ ಬಾಗು ನೇರವಾಗುವುದರಿಂದ ತಿಣುಕುವ ಶ್ರಮ ಕಡಿಮೆ. ಕಮೋಡ್ ಬಳಸುವವರು ಪಾದದ ಕೆಳಗೆ ಗಿಡ್ಡ ಸ್ಟೂಲ್ ಇಟ್ಟುಕೊಂಡರೆ ಇದೇ ಅನುಕೂಲ ಸಿಗುತ್ತದೆ.

ಕರುಳಿನ ಹೆಚ್ಚುವರಿ ಉದ್ದವನ್ನು ಕತ್ತರಿಸಿ ತೆಗೆಸಿಬಿಡಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ಕೇವಲ ಉದ್ದವಾಗಿದೆ ಎಂಬ ಕಾರಣಕ್ಕೆ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಔಷಧಿಗಳೆಲ್ಲ ವಿಫಲವಾಗಿ, ಕರುಳಿನ ಚಲನೆಯ ಪರೀಕ್ಷೆಗಳೂ ನಡೆದ ಮೇಲೆ, ಬಹಳ ಕೆಲವರಿಗೆ ಮಾತ್ರ ಅದನ್ನು ಯೋಚಿಸುತ್ತಾರೆ. ಉದ್ದನೆಯ ಸಿಗ್ಮಾಯ್ಡ್ ತನ್ನ ಸುತ್ತ ತಾನೇ ತಿರುಚಿಕೊಂಡರೆ ಮಾತ್ರ ವಿಷಯ ಬೇರೆ. ಇದನ್ನು ವಾಲ್ವುಲಸ್ ಎನ್ನುತ್ತಾರೆ. ಹೊಟ್ಟೆ ಏಕಾಏಕಿ ಬಿಗಿಯಾಗಿ ಊದಿ, ತೀವ್ರವಾಗಿ ನೋಯುತ್ತ, ಮಲವಷ್ಟೇ ಅಲ್ಲ ವಾಯುವೂ ಹೋಗದೆ, ವಾಂತಿಯಾಗತೊಡಗಿದರೆ ಮನೆಮದ್ದಿಗಾಗಿ ಒಂದು ಗಂಟೆಯನ್ನೂ ಕಳೆಯದೆ ತುರ್ತು ಚಿಕಿತ್ಸೆಗೆ ಹೋಗಬೇಕು. ತಡವಾದರೆ ಆ ಭಾಗಕ್ಕೆ ರಕ್ತ ನಿಂತು ಕರುಳು ಸಾಯಬಹುದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ವಯಸ್ಸಾದ ಮೇಲೆ ಹೊಸದಾಗಿ ಶುರುವಾದ ಮಲಬದ್ಧತೆ, ಇವನ್ನೂ ಮೂಲವ್ಯಾಧಿ ಇರಬಹುದೆಂದು ಬಿಟ್ಟುಬಿಡಬಾರದು. ಈ ಲಕ್ಷಣಗಳನ್ನು ನಮ್ಮ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

ಈಗ ನನಗೆ ಹೆಚ್ಚು ಚಿಂತೆ ನಮ್ಮ ಶಾಲೆಯ ಹೆಣ್ಣುಮಕ್ಕಳದು. ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರನ್ನೇ ಕುಡಿಯದೆ ಸಂಜೆಯವರೆಗೂ ತಡೆದುಕೊಳ್ಳುವವರು ಪ್ರತಿ ತರಗತಿಯಲ್ಲೂ ಇದ್ದಾರೆ. ಪಾಠದ ನಡುವೆ ನೀರು ಕುಡಿಯಲು ಬಿಡುವು ಕೊಡುತ್ತೇನೆ, ಹೊರಗೆ ಹೋಗಲು ಯಾರೂ ಕಾರಣ ಹೇಳಬೇಕಾಗಿಲ್ಲ ಎಂದು ತಿಳಿಸಿದ್ದೇನೆ, ಶೌಚಾಲಯದ ಚಿಲಕ ಮತ್ತು ನೀರಿನ ವಿಷಯವನ್ನು ಪೋಷಕರ ಸಭೆಯಲ್ಲಿ ಪ್ರತಿಸಲವೂ ಎತ್ತುತ್ತೇನೆ.